ಕೊಸರು

ಏಳಕ್ಕೆ ಇನ್ನು ಹತ್ತು ನಿಮಿಷ. ಬ್ಯಾಲರಾಟ್‌ನಲ್ಲಿ ಜುಲೈ.
ಬಸ್ಸನ್ನು ಸ್ಟ್ಯಾಂಡಿನಲ್ಲಿ ಬಿಟ್ಟು, ಎಂಜಿನ್ನಿನ ಬಿಸಿ
ತೊಡೆಯಿಂದ ಇಳಿಯುವ ಮೊದಲೇ ರಸ್ತೆ ದಾಟಿದ್ದೇನೆ.
ಮುಂದಿನ ಟ್ರಿಪ್ಪಿಗೆ ನಲವತ್ತು ನಿಮಿಷ.
ಅದರಲ್ಲೇ ಊಟ, ಅದರಲ್ಲೇ ಒಂದಕ್ಕೆ ಹೋಗಿ ಬರುವುದು,
ಅದರಲ್ಲೇ ತಂಗಿಯ ಮೂರು ಮಿಸ್ಡ್ ಕಾಲಿಗೆ ಒಂದು ಮೆಸೇಜು.

ಡೆಲಿ ಕೌಂಟರಿನ ಗಾಜಿನ ಹಿಂದೆ
ದೀಪದಡಿ ಕೂತು ಕೂತು ಅಂಚು ಒಣಗಿದ ಲಸಾನ್ಯ,
ಸುಟ್ಟ ಸಿಹಿಗುಂಬಳದ ಸಾಲಡ್,
ಬೆಣ್ಣೆಯಲ್ಲಿ ಹೊರಳಿದ ಪುಟ್ಟ ಪುಟ್ಟ ಆಲೂಗಡ್ಡೆ,
ಸರಳಿನಿಂದ ಈಗಷ್ಟೇ ಇಳಿದ ಎರಡು ಕೋಳಿ,
ಕಾಲು ಕಟ್ಟಿಸಿಕೊಂಡು, ಚೀಲದೊಳಗೆ ಬೆವರುತ್ತ,
ಕೊನೆಯ ಬಸ್ಸಿಗೆ ಕಾದವರ ಹಾಗೆ.

ಗಿರಾಕಿ ಎಂದರೆ ನಾನೊಬ್ಬಳೇ. ಆದರೂ
ನಂಬರು ಚೀಟಿ ಹರಿಯಬೇಕು.
ಹರಿದೆ.
ಲೊರೈನ್ ಕತ್ತೆತ್ತಿ, ಖಾಲಿ ಜಾಗವನ್ನೆಲ್ಲ ಒಮ್ಮೆ ನೋಡಿ,
"ಅರವತ್ತೆಂಟು!" ಎಂದು ಕೂಗುತ್ತಾಳೆ.
ನಾನು ಕೈ ಎತ್ತುತ್ತೇನೆ. ಇಬ್ಬರೂ ನಗುವುದಿಲ್ಲ.
ಎರಡು ವರ್ಷದಿಂದ ಹೀಗೇ ನಡೆದಿದೆ.

"ಏನು ಕೊಡಲಿ, ಲವ್?"
ಈ ಊರಲ್ಲಿ ಎಲ್ಲರೂ ಲವ್,
ಮೀಟರು ಓದಲು ಬರುವವನೂ, ಅವನನ್ನು ಅಟ್ಟುವ ನಾಯಿಯೂ.
ಮೊದಲ ವರ್ಷ ಬೆಚ್ಚಿ ಬೀಳುತ್ತಿದ್ದೆ.

ಕುಂಬಳ, ಇನ್ನೂರು ಗ್ರಾಂ. ಆಲೂಗಡ್ಡೆಯೂ ಅಷ್ಟೇ.
ಯಂತ್ರ ಮೊದಲು ಖಾಲಿ ಡಬ್ಬಿಯ ಭಾರ ಕಳೆದು
ಸೊನ್ನೆಗೆ ಬಂದು ಕೂತುಕೊಳ್ಳುತ್ತದೆ.
ಇಷ್ಟು ನ್ಯಾಯಸ್ಥ ತಕ್ಕಡಿಯನ್ನು
ದಾವಣಗೆರೆಯ ಗಡಿಯಾರ ಕಂಬದ ಸುತ್ತ
ಅಮ್ಮ ಜನ್ಮದಲ್ಲಿ ಕಂಡಿರಲಿಲ್ಲ.

ಅವಳ ವ್ಯಾಪಾರ ಶುರುವಾಗುತ್ತಿದ್ದದ್ದೇ ತೂಕ ಮುಗಿದ ಮೇಲೆ.
ಸೊಪ್ಪಿನ ಹಾಲವ್ವನ ಮುಂದೆ ಚೀಲದ ಬಾಯಿ ಅಗಲಿಸಿ,
"ಕೊಸರು ಹಾಕು."
ಎರಡು ಎಸಳು ಕೊತ್ತಂಬರಿ ಬಿದ್ದರೆ
"ಇದೇನು, ಹಲ್ಲುಕಡ್ಡಿನಾ?"
"ನನ್ ಹೊಟ್ಟೆ ಮ್ಯಾಲೆ ಹೊಡಿಬ್ಯಾಡ, ತಾಯಿ."
"ನಿನ್ ಹೊಟ್ಟೆ ನಂದಕ್ಕಿಂತ ದಪ್ಪ ಐತಿ, ಹಾಕು."
ಹತ್ತನೇ ಕ್ಲಾಸಿನ ನಾನು ನಾಲ್ಕು ಮಾರು ಆಚೆ ನಿಂತು
ಹರಿದ ಸಿನಿಮಾ ಪೋಸ್ಟರನ್ನು ಪಾಠದಂತೆ ಓದುತ್ತಿದ್ದೆ.
ಅವಳು ಯಾರೋ, ನಾನು ಯಾರೋ.
ಗೆದ್ದ ಹಸಿಮೆಣಸಿನಕಾಯಿ ಮುಷ್ಟಿಯಲ್ಲಿ ಎತ್ತಿ ಹಿಡಿದು
ಅವಳು ನೇರ ನನ್ನ ಕಡೆಗೇ ಬರುತ್ತಿದ್ದಳು.

ಲೊರೈನ್ ಲೇಬಲ್ ಒತ್ತಿದಳು. ಗ್ರಾಂ, ಸೆಂಟು, ತಾರೀಖು, ಗೆರೆಗೆರೆ.
ಮುಚ್ಚಳ ಬಿತ್ತು. ಲೆಕ್ಕ ಚುಕ್ತಾ.
ಆಮೇಲೆ
ಹಿಂದೆ ತಿರುಗಿ ನೋಡಿದಳು.
(ಮ್ಯಾನೇಜರ್ ಹುಡುಗ ಹಾಲಿನ ಸಾಲಿನಲ್ಲಿದ್ದ.)
ಮುಚ್ಚಳದ ಒಂದು ಮೂಲೆ ಎತ್ತಿ
ಒಂದು ಆಲೂಗಡ್ಡೆ, ಎಲ್ಲದಕ್ಕಿಂತ ದಪ್ಪನೆಯದು,
ಹೆಬ್ಬೆರಳಿನಿಂದ ಒಳಗೆ ತಳ್ಳಿದಳು.
"ಏಳಾದ್ರೆ ಹೇಗೂ ತೊಟ್ಟಿಗೇ ಹೋಗೋದು."

ನಾನು ಕೇಳಿರಲಿಲ್ಲ.
ಕೇಳುವ ಬಾಯಿ ನನಗೆ ಬರಲೇ ಇಲ್ಲ.
ರೂಟು ಬದಲಿಸಿದಾಗ ಸರಿ ಎಂದೆ, ಬಾಡಿಗೆ ಏರಿಸಿದಾಗ ಸರಿ ಎಂದೆ,
ಅವನು ಪರ್ತ್‌ಗೆ ಹೊರಟು ನಿಂತಾಗ
ಸೂಟ್‌ಕೇಸಿನ ಜಿಪ್ಪು ಎಳೆದು ಕೊಟ್ಟೆ.

ಬಸ್ಸಿನೊಳಗೆ, ಒಂದೇ ದೀಪ ಹಚ್ಚಿಕೊಂಡು,
ಡಬ್ಬಿಯನ್ನು ಸ್ಟೀರಿಂಗಿಗೆ ಒರಗಿಸಿ ತಿನ್ನುತ್ತ
ತಂಗಿಗೆ ಬರೆದೆ: ಇವತ್ತು ಕೊಸರು ಸಿಕ್ತು ಕಣೇ.
ತಕ್ಷಣ ಬಂತು: ಕೇಳಿದ್ಯಾ?
ಇಲ್ಲ.
ಹಂಗಾದ್ರೆ ಅದು ಕೊಸರಲ್ಲ ಬಿಡಕ್ಕ. ಪಾಪ ಅಂತ ಕೊಟ್ಟಿರ್ತಾರೆ.

ದಪ್ಪ ಆಲೂಗಡ್ಡೆಯನ್ನು ಕೊನೆಗೆಂದು ಉಳಿಸಿಕೊಂಡಿದ್ದೆ.
ಕಚ್ಚಿದರೆ ನಡುವೆ ಹಸಿ, ಹಲ್ಲಿಗೆ ಕರಕ್ ಎಂದಿತು.
ಅಮ್ಮನಾಗಿದ್ದರೆ ಕಚ್ಚಿದ್ದನ್ನೇ ಹಿಡಿದುಕೊಂಡು ವಾಪಸು ಹೋಗಿ
ಗಾಜಿನ ಮೇಲೆ ಇಟ್ಟಿರುತ್ತಿದ್ದಳು.
ರಸ್ತೆಯಾಚೆ ಅಂಗಡಿಯ ದೀಪ ಒಂದೊಂದೇ ಆರುತ್ತಿತ್ತು.
ಉಳಿದದ್ದು ನಾಲ್ಕು ನಿಮಿಷ. ಹಸಿಯನ್ನೂ ಅಗಿದು ನುಂಗಿ,
ಕೈಗೆ ಅಂಟಿದ ಬೆಣ್ಣೆಯನ್ನು ನಂಬರು ಚೀಟಿಗೇ ಒರೆಸಿ,
ಯಾರೂ ಹತ್ತದ ಬಸ್ಸಿನಲ್ಲಿ
ಗಟ್ಟಿಯಾಗಿಯೇ ಒಮ್ಮೆ ಹೇಳಿ ನೋಡಿದೆ:
ಇನ್ನೊಂದು ಹಾಕು, ಲವ್.